ಹೊಸ ಕಸುಬು ಬೇಗ ಕೈಹತ್ತಲು ಯಾವ ದಾರಿ: ಬಲ್ಲವರ ಪಕ್ಕವೋ, ತರಬೇತಿ ಕೇಂದ್ರವೋ, ಮೊಬೈಲ್ ವಿಡಿಯೊವೋ?

ಅರೇಬಿಕಾ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿ ಚೀಲ ಸೇರಿದ ಮೇಲೆ, ಕಾಫಿ ಗಿಡವನ್ನು ಹೂ ಬಿಡಿಸುವ ಹೂಮಳೆ ಬೀಳುವವರೆಗಿನ ಕೆಲವು ವಾರಗಳಲ್ಲಿ ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ಮನೆಗಳಲ್ಲಿ ಹೊಸದೇನನ್ನಾದರೂ ಕಲಿಯುವ ಮಾತು ಏಳುತ್ತದೆ. ಪಿಯುಸಿ ಮುಗಿಸಿದ ಮಗಳು ಹೊಲಿಗೆ ಕಲಿಯಬೇಕೆನ್ನುತ್ತಾಳೆ. ಬೆಂಗಳೂರಿನ ನೌಕರಿ ಬಿಟ್ಟು ಬಂದ ಮಗ ತೋಟದ ಕೆಲಸ ಕಲಿಯಬೇಕೆನ್ನುತ್ತಾನೆ. ಹೋಮ್‌ಸ್ಟೇ ನಡೆಸುವವರು ತಮ್ಮ ತೋಟದ ಕಾಫಿಯ ರುಚಿಯನ್ನು ತಾವೇ ಅಳೆಯುವುದನ್ನು ಕಲಿಯಲು ಬಯಸುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: ಎಲ್ಲಿ ಕಲಿತರೆ ಬೇಗ ಬರುತ್ತದೆ?

ಈ ಪ್ರಶ್ನೆಗೆ ಎಲ್ಲ ಕಸುಬಿಗೂ ಸಲ್ಲುವ ಒಂದೇ ಉತ್ತರವನ್ನು ಕೊಡುವವರನ್ನು ನಂಬಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವುದು, ತರಬೇತಿ ಕೇಂದ್ರ ಸೇರುವುದು, ವಿಡಿಯೊ ನೋಡುವುದು, ಯಾರ ಹಂಗೂ ಇಲ್ಲದೆ ತಾನೇ ಮಾಡುತ್ತ ಕಲಿಯುವುದು ಎಂಬ ನಾಲ್ಕು ದಾರಿಗಳೂ ಒಂದಲ್ಲ ಒಂದು ಕೆಲಸಕ್ಕೆ ಅತ್ಯುತ್ತಮವಾಗಿವೆ, ಇನ್ನೊಂದಕ್ಕೆ ಕಾಲಹರಣವಾಗಿವೆ. ಅವುಗಳನ್ನು ತೂಗಲು ನಾನು ಬಳಸುವ ಅಳತೆಗೋಲು ಶುಲ್ಕವೂ ಅಲ್ಲ, ಪ್ರಮಾಣಪತ್ರವೂ ಅಲ್ಲ. ಕಲಿಯುವವನು ತಪ್ಪು ಮಾಡಿದಾಗ ಅದು ತಪ್ಪೆಂದು ಅವನಿಗೆ ಎಷ್ಟು ಬೇಗ, ಯಾರಿಂದ ತಿಳಿಯುತ್ತದೆ ಎಂಬುದನ್ನೇ ನಾನು ಮೊದಲು ಕೇಳುತ್ತೇನೆ. ಕಾಫಿ ಗಿಡದ ಕಸಿಯನ್ನು ಕಲಿತ ವರ್ಷದಿಂದ ನನಗೆ ಈ ರೂಢಿ ಬಂದಿದೆ.

ಗಿಡ ಕೊಡುವ ಉತ್ತರ ಮತ್ತು ದೊಡ್ಡಪ್ಪ ಕೊಡುವ ಉತ್ತರ

ಬಯಲುಸೀಮೆಯವರಿಗೆ ಕಸಿ ಎಂದರೆ ಗಿಡಕ್ಕೆ ಗಿಡ ಕೂಡಿಸುವುದು. ನಮ್ಮ ಕಾಫಿ ತೋಟಗಳಲ್ಲಿ ಅದು ಬೇಡದ ರೆಕ್ಕೆಗಳನ್ನು, ಅಂದರೆ ಗಿಡದ ಕೊಂಬೆಗಳನ್ನು, ಕತ್ತರಿಸಿ ತೆಗೆಯುವ ಕೆಲಸ. ಕೊಯ್ಲಾದ ಮೇಲೆ ಗಿಡದ ನಡುವನ್ನು ಕಾಂಡದಿಂದ ಸುಮಾರು 15 ಸೆಂಟಿಮೀಟರ್‌ವರೆಗೆ ಬಿಡಿಸಿ ಗಾಳಿ ಬೆಳಕು ಆಡುವಂತೆ ಮಾಡಬೇಕು, ಒಂದರ ಮೇಲೊಂದು ಹಾಯ್ದ ರೆಕ್ಕೆಗಳನ್ನು, ಒಣಗಿದ್ದನ್ನು, ನೆಲ ಮುಟ್ಟುವುದನ್ನು ತೆಗೆಯಬೇಕು, ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರನ್ನು ಬಿಡಬಾರದು. ಇಷ್ಟು ನಿಯಮಗಳನ್ನು ಅರ್ಧ ಗಂಟೆಯಲ್ಲಿ ಬಾಯಿಪಾಠ ಮಾಡಬಹುದು. ನಾನೂ ಮಾಡಿದ್ದೆ, ವಿಡಿಯೊಗಳನ್ನು ನೋಡಿದ್ದೆ, ಕೈಪಿಡಿಯೊಂದನ್ನು ಗೆರೆ ಎಳೆದು ಓದಿದ್ದೆ. ಆದರೂ ಮೊದಲ ದಿನ ಮೊದಲ ಗಿಡದ ಮುಂದೆ ಬಗ್ಗಿ ಕತ್ತರಿ ಹಾಕುವಷ್ಟರಲ್ಲಿ ದೊಡ್ಡಪ್ಪ ತಡೆದರು. “ಕತ್ತರಿ ಕೆಳಗಿಡು ಮಾರಾಯ. ಮೊದಲು ಗಿಡಕ್ಕೆ ಒಂದು ಸುತ್ತು ಬಾ.” ಸುತ್ತು ಬಂದೆ. “ಈಗ ಹೇಳು, ಬರೋ ವರ್ಷ ಇದು ಯಾವ ರೆಕ್ಕೆಯಲ್ಲಿ ಕಾಯಿ ಹಿಡಿಯುತ್ತದೆ, ಅದರ ಮುಂದಿನ ವರ್ಷ ಯಾವುದರಲ್ಲಿ?” ನನ್ನ ಬಳಿ ಉತ್ತರವಿರಲಿಲ್ಲ. ಕೈಪಿಡಿಯ ನಿಯಮಗಳೆಲ್ಲ ತಲೆಯಲ್ಲಿದ್ದವು. ಕಣ್ಣಿಗೆ ಮಾತ್ರ ಆ ಗಿಡ ಹಸಿರು ಪೊದೆಯಾಗಿ ಕಾಣುತ್ತಿತ್ತೇ ಹೊರತು ಈ ವರ್ಷದ ರೆಕ್ಕೆ, ಮುಂದಿನ ವರ್ಷದ ರೆಕ್ಕೆ, ದಣಿದ ರೆಕ್ಕೆ ಎಂದು ಬಿಡಿಬಿಡಿಯಾಗಿ ಕಾಣುತ್ತಿರಲಿಲ್ಲ.

ಅಂದು ಸಂಜೆಯವರೆಗೆ ನಾನು ಮುಗಿಸಿದ್ದು ಹನ್ನೊಂದು ಗಿಡ. ಪ್ರತಿ ಕಡಿತಕ್ಕೂ ಮುನ್ನ ರೆಕ್ಕೆಯನ್ನು ಬೆರಳಿನಿಂದ ತೋರಿಸಬೇಕಿತ್ತು. ದೊಡ್ಡಪ್ಪ ಹೂಂ ಎಂದರೆ ಕತ್ತರಿ, ಸುಮ್ಮನಿದ್ದರೆ ಇನ್ನೊಮ್ಮೆ ನೋಡು ಎಂದರ್ಥ. ಮೂರನೆಯ ದಿನದ ಹೊತ್ತಿಗೆ ಅವರು ಸುಮ್ಮನಾಗುವ ಸಂದರ್ಭಗಳು ಕಡಿಮೆಯಾದವು.

ಇದರಲ್ಲಿ ಗಮನಿಸಬೇಕಾದ ಲೆಕ್ಕವೊಂದಿದೆ. ಈ ಮಾರ್ಚಿನಲ್ಲಿ ಮಾಡಿದ ಕಸಿಯ ಫಲವಾಗಿ ಮಳೆಗಾಲದಲ್ಲಿ ಬರುವ ಹೊಸ ಚಿಗುರು ಮುಂದಿನ ಮಾರ್ಚಿನ ಹೂಮಳೆಗೆ ಹೂ ಬಿಟ್ಟು, ಆ ವರ್ಷದ ನವೆಂಬರಿನ ಹೊತ್ತಿಗೆ ಹಣ್ಣಾಗುತ್ತದೆ. ಅಂದರೆ ನಾನು ಕತ್ತರಿಸಿದ್ದು ಸರಿಯೋ ತಪ್ಪೋ ಎಂದು ಗಿಡವೇ ಹೇಳಲು ಸುಮಾರು 20 ತಿಂಗಳು ಬೇಕು. ಅಷ್ಟರಲ್ಲಿ ಯಾವ ಗಿಡದಲ್ಲಿ ಏನು ಮಾಡಿದ್ದೆನೆಂಬುದೇ ಮರೆತಿರುತ್ತದೆ. ಒಬ್ಬನೇ ಮಾಡುತ್ತ ಕಲಿಯಲು ಹೊರಟರೆ ಹತ್ತು ವರ್ಷದಲ್ಲಿ ಕೆಲವೇ ಸಲ ಪಾಠ ಸಿಗುತ್ತದೆ, ಅದೂ ಮಳೆ, ನೆರಳು, ಗೊಬ್ಬರ ಎಲ್ಲವೂ ಬೆರೆತ ಮಸುಕು ಪಾಠ. ಪಕ್ಕದಲ್ಲಿ ಬಲ್ಲವರಿದ್ದರೆ ಆ 20 ತಿಂಗಳ ಉತ್ತರ ಆ ಕ್ಷಣಕ್ಕೇ ಬರುತ್ತದೆ. ಆದ್ದರಿಂದ ತಪ್ಪು ತಡವಾಗಿ ಬಯಲಾಗುವ ಕೆಲಸಗಳಲ್ಲಿ, ಅಂದರೆ ಕಸಿ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಮೆಣಸಿನ ಬಳ್ಳಿಯ ಆರೈಕೆ, ಜೇನು ಸಾಕಣೆ ಇಂಥವುಗಳಲ್ಲಿ ಅನುಭವಿಗಳ ಪಕ್ಕದ ಜಾಗಕ್ಕೆ ಸಾಟಿಯಾದ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ದಾರಿಗೂ ಕೊರತೆಗಳಿವೆ. ಕೈಪಳಗಿದವರೆಲ್ಲ ಕಲಿಸಬಲ್ಲರು ಎಂದೇನಿಲ್ಲ. ಎಷ್ಟೋ ಮಂದಿಗೆ ತಾವು ಮಾಡುವುದನ್ನು ಬಿಡಿಸಿ ಹೇಳಲು ಬರುವುದಿಲ್ಲ. “ನೋಡ್ಕೊಂಡು ಮಾಡು” ಎಂದು ಬಿಡುತ್ತಾರೆ. ಅಂಥವರ ಬಳಿ “ಏಕೆ” ಎಂದು ಕೇಳುವುದಕ್ಕಿಂತ “ಈ ಎರಡರಲ್ಲಿ ಯಾವುದನ್ನು ತೆಗೆಯುತ್ತೀರಿ” ಎಂದು ಕೇಳುವುದು ಫಲಕಾರಿ, ಏಕೆಂದರೆ ಆಯ್ಕೆಯನ್ನು ಮುಂದಿಟ್ಟಾಗ ಕಾರಣ ತಾನಾಗಿ ಬಾಯಿಗೆ ಬರುತ್ತದೆ. ಹಳೆಯ ತಪ್ಪು ರೂಢಿಗಳೂ ಕೈಯಿಂದ ಕೈಗೆ ದಾಟುತ್ತವೆ ಎಂಬುದನ್ನೂ ಮರೆಯಬಾರದು. ಕಾಂಡಕೊರಕದ ಹತೋಟಿಯಂಥ ವಿಷಯಗಳಲ್ಲಿ 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾಗಿ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿರುವ ಕೇಂದ್ರದವರ ಮಾತನ್ನು ಹಿರಿಯರ ಮಾತಿನ ಜೊತೆಗಿಟ್ಟು ನೋಡುವುದು ಒಳ್ಳೆಯದು.

ವಿಡಿಯೊ ಎಲ್ಲಿ ಉಪಯುಕ್ತ, ಎಲ್ಲಿ ಮೋಸ

ವಿಡಿಯೊವನ್ನು ನಾನು ತೆಗಳುವುದಿಲ್ಲ. ರವಿಕೆಯ ಕಂಕುಳ ಸುತ್ತಿನ ಕತ್ತರಿಕೆಯನ್ನು ನಿಲ್ಲಿಸಿ, ಹಿಂದಕ್ಕೆಳೆದು, ನಾಲ್ಕು ಸಲ ನೋಡುವ ಸೌಕರ್ಯವನ್ನು ಯಾವ ಮೇಷ್ಟರೂ ಕೊಡಲಾರರು. ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರಿನಲ್ಲಿರುವವರಿಗೆ ಅದು ಬಾಗಿಲಿಗೆ ಬಂದ ಶಾಲೆ. ಆದರೆ ವಿಡಿಯೊಗೆ ನಮ್ಮ ಕೈ ಕಾಣುವುದಿಲ್ಲ. ನಾವು ಅದನ್ನು ನೋಡುತ್ತೇವೆ, ಅದು ನಮ್ಮನ್ನು ನೋಡುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಮೈಕೆಲ್ ಕಾರ್ಡಸ್ ಮತ್ತು ಎಡ್ ಓಬ್ರಿಯನ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗುರಿಗೆ ಬಾಣದ ಕಡ್ಡಿ ಎಸೆಯುವಂಥ ಕೌಶಲದ ವಿಡಿಯೊವನ್ನು ಕೆಲವರಿಗೆ ಒಂದೇ ಸಲ, ಇನ್ನು ಕೆಲವರಿಗೆ 20 ಸಲ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ ತಾವು ಚೆನ್ನಾಗಿ ಮಾಡಬಲ್ಲೆವೆಂಬ ನಂಬಿಕೆ ಬೆಳೆದಿತ್ತು. ಮಾಡಿಸಿ ನೋಡಿದರೆ ಒಂದೇ ಸಲ ನೋಡಿದವರಿಗಿಂತ ಅವರೇನೂ ಮೇಲಾಗಿರಲಿಲ್ಲ. ಹಲವು ವಸ್ತುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಆಟದ ಇನ್ನೊಂದು ಪ್ರಯೋಗದಲ್ಲಿ, ಆ ವಸ್ತುಗಳನ್ನು ಒಂದಿಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡಿದಾಗ ಆ ಹುಸಿ ಧೈರ್ಯ ಇಳಿಯಿತು. ಹಾಗಾಗಿ ವಿಡಿಯೊ ಬಳಸುವವರಿಗೆ ನನ್ನ ಕೋರಿಕೆ ಇಷ್ಟೇ: ಸಾಮಾನು ಎದುರಿಗಿಟ್ಟುಕೊಂಡು ಎರಡು ನಿಮಿಷ ನೋಡಿ, ನಿಲ್ಲಿಸಿ, ಹತ್ತು ನಿಮಿಷ ಮಾಡಿ, ಮತ್ತೆ ನೋಡಿ. ಎರಡನೆಯ ಸಲ ನೋಡುವಾಗ ಮೊದಲ ಸಲ ಕಾಣದೇ ಹೋದ ಬೆರಳಿನ ಚಲನೆ ಕಣ್ಣಿಗೆ ಬೀಳುತ್ತದೆ. ಊಟದ ತಟ್ಟೆ ಹಿಡಿದು ಸಾಲುಸಾಲು ವಿಡಿಯೊ ನೋಡುವುದು ಕಲಿಕೆಯಲ್ಲ.

ತರಬೇತಿ ಕೇಂದ್ರ ಸೇರುವ ಮುನ್ನ

ಕ್ರಮಬದ್ಧವಾದ ಪಾಠ, ಉಪಕರಣ, ಜೊತೆಗಾರರು, ಕೊನೆಗೊಂದು ಪ್ರಮಾಣಪತ್ರ ಇವು ತರಬೇತಿ ಕೇಂದ್ರದ ಬಲ. ಎಲೆಕ್ಟ್ರಿಷಿಯನ್ ಕೆಲಸದಂತೆ ಜೀವಕ್ಕೆ ಅಪಾಯವಿರುವ, ಮಾನ್ಯತೆ ಬೇಕಾಗುವ ಕಸುಬಿಗೆ ಐಟಿಐಯ ಎರಡು ವರ್ಷಗಳ ಹಾದಿಯೇ ಸರಿ. ಅಲ್ಲಿ ಅಡ್ಡದಾರಿ ಹುಡುಕಬಾರದು. ಅಷ್ಟು ದೀರ್ಘ ಕಾಲ ಬೇಡದ ಕೆಲಸಗಳಿಗೆ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ ಹುಟ್ಟುಹಾಕಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಇವು ದೇಶಕ್ಕೆ ಹರಡಿದ್ದು. ಊಟ, ವಸತಿಯೊಂದಿಗೆ ಉಚಿತವಾಗಿ ಕಲಿಸುವುದರ ಜೊತೆಗೆ, ತರಬೇತಿ ಮುಗಿದ ಮೇಲೆ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗೆ ನಿಲ್ಲುವುದು ಈ ಮಾದರಿಯ ನಿಯಮ, ಮತ್ತು ನನ್ನ ದೃಷ್ಟಿಯಲ್ಲಿ ಅದರ ಅತ್ಯಂತ ಬೆಲೆಯುಳ್ಳ ಭಾಗವೂ ಅದೇ. ಬೇಸಾಯ, ತೋಟಗಾರಿಕೆ, ಜೇನಿನಂಥ ವಿಷಯಗಳಿಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು, ಹಾಸನದ ಕಡೆಯವರು ಕಂದಲಿಯ ಕೇಂದ್ರವನ್ನು ವಿಚಾರಿಸಬಹುದು.

ಆದರೆ ಕೇಂದ್ರದಿಂದ ಕೇಂದ್ರಕ್ಕೆ ಅಜಗಜಾಂತರವಿದೆ. ಹಲವು ವರ್ಷಗಳ ಹಿಂದೆ ನಾನು ಪಟ್ಟಣದ ಒಂದು ಖಾಸಗಿ ಕಂಪ್ಯೂಟರ್ ಕೇಂದ್ರಕ್ಕೆ ಮೂರು ತಿಂಗಳು ಹೋದೆ. ಒಂದು ಯಂತ್ರಕ್ಕೆ ಮೂವರು. ದಿನದ ಒಂದು ಗಂಟೆಯಲ್ಲಿ ಕೀಲಿಮಣೆ ನನ್ನ ಕೈಗೆ ಬರುತ್ತಿದ್ದುದು ಇಪ್ಪತ್ತು ನಿಮಿಷಕ್ಕಿಂತ ಕಡಿಮೆ, ಉಳಿದ ಹೊತ್ತು ಹಲಗೆಯ ಮೇಲಿನ ಟಿಪ್ಪಣಿಯನ್ನು ಬರೆದುಕೊಳ್ಳುವುದು. ಕೊನೆಗೆ ಪ್ರಮಾಣಪತ್ರ ಬಂತು, ಕೆಲಸ ಬರಲಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಒಂದು ದಿನ ಹೋಗಿ ಬಾಗಿಲ ಬಳಿ ಕುಳಿತು ನೋಡಿ. ಎಷ್ಟು ಜನರಿಗೆ ಎಷ್ಟು ಯಂತ್ರ, ಕಲಿಯುವವರ ಕೈಯಲ್ಲಿ ಸಾಮಾನು ಎಷ್ಟು ಹೊತ್ತು ಇರುತ್ತದೆ, ಕಲಿಸುವವರು ಓಡಾಡಿ ಒಬ್ಬೊಬ್ಬರ ಹೊಲಿಗೆಯನ್ನು ತಿರುಗಿಸಿ ನೋಡುತ್ತಾರೋ ಅಥವಾ ಮುಂದೆ ನಿಂತು ಮಾತನಾಡುತ್ತಾರೋ ಎಂಬುದು ಅರ್ಧ ಗಂಟೆಯಲ್ಲಿ ತಿಳಿದುಹೋಗುತ್ತದೆ. ಬಂದು ನೋಡಲು ಬಿಡದ ಕೇಂದ್ರವನ್ನು ಬಿಟ್ಟುಬಿಡಿ.

ತಾನೇ ಕಲಿಯಬಹುದಾದ ಕೆಲಸಗಳು

ನನಗೆ ಆ ಕಂಪ್ಯೂಟರ್ ಕೆಲಸ ಕಡೆಗೆ ಬಂದದ್ದು ಮನೆಯಲ್ಲೇ, ತೋಟದ ಚೆಕ್‌ರೋಲ್ ಬರೆಯುತ್ತ. ಆಳುಗಳ ಹಾಜರಿ, ದಿನಗೂಲಿ, ಮುಂಗಡ ಎಲ್ಲವನ್ನೂ ಎಕ್ಸೆಲ್ ಹಾಳೆಗೆ ಇಳಿಸಿ, ಶನಿವಾರದ ಬಟವಾಡೆಯ ಮೊತ್ತ ಪುಸ್ತಕದ ಲೆಕ್ಕಕ್ಕೆ ತಾಳೆಯಾಗುವವರೆಗೆ ಹೆಣಗಿದೆ. ಸೂತ್ರ ತಪ್ಪಿದರೆ ಹಾಳೆ ತಕ್ಷಣ ತಪ್ಪು ತೋರಿಸುತ್ತಿತ್ತು, ಅದು ತೋರಿಸದಿದ್ದರೆ ಹಳೆಯ ಪುಸ್ತಕ ತೋರಿಸುತ್ತಿತ್ತು. ಇಂಥಲ್ಲಿ ಗುರುವಿನ ಅಗತ್ಯ ಕಡಿಮೆ, ಏಕೆಂದರೆ ಕೆಲಸವೇ ಉತ್ತರ ಹೇಳುತ್ತದೆ. ಟೈಪಿಂಗ್, ಲೆಕ್ಕಪತ್ರ, ಮೊಬೈಲಿನಲ್ಲಿ ಚಿತ್ರ ತಿದ್ದುವುದು ಇವೆಲ್ಲ ಈ ಬಗೆಯವು. ವಿಡಿಯೊ ಮತ್ತು ನಿಜವಾದ ಒಂದು ಕೆಲಸ ಇವೆರಡಿದ್ದರೆ ಸಾಕು. ನಿಜವಾದ ಕೆಲಸ ಎಂಬ ಮಾತಿಗೆ ಒತ್ತು ಕೊಡುತ್ತೇನೆ: ಪಾಠಕ್ಕೆಂದು ಸೃಷ್ಟಿಸಿದ ಉದಾಹರಣೆಯಲ್ಲಿ ತಪ್ಪಾದರೆ ಯಾರಿಗೂ ನಷ್ಟವಿಲ್ಲ, ಬಟವಾಡೆ ತಪ್ಪಿದರೆ ಬಾಗಿಲಲ್ಲಿ ಜನ ನಿಂತಿರುತ್ತಾರೆ.

ಕೆಲವು ಕೌಶಲಗಳಲ್ಲಿ ಉತ್ತರ ತಾನಾಗಿ ಬರುವುದಿಲ್ಲ, ಆದರೆ ಬರಿಸಿಕೊಳ್ಳಬಹುದು. ಕಾಫಿಯ ರುಚಿ ನೋಡುವುದು ಅಂಥದ್ದು. ಪ್ರತಿ 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ ಹಾಕಿ, ಕುದಿ ಸ್ವಲ್ಪ ಇಳಿದ ಬಿಸಿನೀರು ಹೊಯ್ದು, ನಾಲ್ಕು ನಿಮಿಷದ ನಂತರ ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಘಮ ನೋಡುವ ವಿಧಾನವನ್ನು ಯಾರಾದರೂ ಕಲಿಯಬಹುದು. ಕಷ್ಟವಿರುವುದು ನಾಲಿಗೆ ನಿಜ ಹೇಳುತ್ತಿದೆಯೋ, ಮನಸ್ಸು ಕಲ್ಪಿಸಿಕೊಳ್ಳುತ್ತಿದೆಯೋ ಎಂದು ತಿಳಿಯುವುದರಲ್ಲಿ. ಅದಕ್ಕೆ ಸರಳ ಉಪಾಯವಿದೆ. ಮೂರು ಬಟ್ಟಲುಗಳಲ್ಲಿ ಎರಡಕ್ಕೆ ಒಂದೇ ಕಾಫಿ, ಮೂರನೆಯದಕ್ಕೆ ಬೇರೆಯದು. ತಳಕ್ಕೆ ಗುರುತು ಹಾಕಿ ಮನೆಯವರಿಂದ ಜಾಗ ಬದಲಿಸಿ ಇಡಿಸಿ, ಬೇರೆಯದು ಯಾವುದೆಂದು ಹೇಳಿ, ಆಮೇಲೆ ಬಟ್ಟಲು ಎತ್ತಿ ನೋಡಿ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಹತ್ತಾರು ಸಲದ ಫಲವನ್ನು ಬರೆದಿಡಬೇಕು. ಇದನ್ನು ವೃತ್ತಿಯಾಗಿಸಿಕೊಳ್ಳುವವರಿಗೆ ಕಾಫಿ ಮಂಡಳಿಯ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಹೋಮ್‌ಸ್ಟೇಯವರಿಗೆ ಅಡುಗೆಮನೆಯ ಈ ಮೂರು ಬಟ್ಟಲು ಬಹುಪಾಲು ಸಾಲುತ್ತದೆ.

ದಿನಕ್ಕೆ ಒಂದು ಗಂಟೆಯೋ, ವಾರಾಂತ್ಯದ ಶಿಬಿರವೋ

ದಾರಿ ಯಾವುದೇ ಆಗಲಿ, ಹೊತ್ತನ್ನು ಹೇಗೆ ಹಂಚಬೇಕೆಂಬುದು ಇನ್ನೊಂದು ಆಯ್ಕೆ. ಬ್ರಿಟನ್ನಿನಲ್ಲಿ ಅಂಚೆ ನೌಕರರಿಗೆ ಕೀಲಿಮಣೆ ಕಲಿಸುವ ಸಂದರ್ಭದಲ್ಲಿ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ನಡೆಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗ್ಗೆ ಬಹಳ ಕಲಿಸುತ್ತದೆ. ದಿನಕ್ಕೆ ಒಂದೇ ಗಂಟೆ ಅಭ್ಯಾಸ ಮಾಡಿದ ಗುಂಪು ಸುಮಾರು 35 ಗಂಟೆಯಲ್ಲಿ ತಲುಪಿದ ಮಟ್ಟಕ್ಕೆ, ದಿನಕ್ಕೆ ನಾಲ್ಕು ಗಂಟೆ ಮಾಡಿದ ಗುಂಪಿಗೆ ಸುಮಾರು 50 ಗಂಟೆ ಹಿಡಿಯಿತು. ಆದರೂ ತಮ್ಮ ತರಬೇತಿಯ ಬಗ್ಗೆ ಹೆಚ್ಚು ಅಸಮಾಧಾನವಿದ್ದದ್ದು ದಿನಕ್ಕೊಂದು ಗಂಟೆಯವರಿಗೇ. ಕಾರಣ ಸ್ಪಷ್ಟ: ಗಂಟೆಗಳ ಲೆಕ್ಕದಲ್ಲಿ ಅವರು ಮುಂದಿದ್ದರೂ ದಿನಗಳ ಲೆಕ್ಕದಲ್ಲಿ ಹಿಂದಿದ್ದರು.

ಇದರಿಂದ ಆಯ್ಕೆ ಸುಲಭವಾಗುತ್ತದೆ. ನಿಮಗೆ ಕೊರತೆಯಿರುವುದು ಗಂಟೆಗಳೋ ದಿನಗಳೋ ಎಂದು ನೋಡಿಕೊಳ್ಳಿ. ಮುಂದಿನ ತಿಂಗಳೇ ಅಂಗಡಿ ತೆರೆಯಬೇಕಾದವರು ಶಿಬಿರಕ್ಕೆ ಹೋಗಲಿ, ಹೆಚ್ಚು ಗಂಟೆ ಖರ್ಚಾಗುತ್ತದೆಂದು ಒಪ್ಪಿಕೊಂಡೇ ಹೋಗಲಿ. ಮನೆ, ಮಕ್ಕಳು, ಹಾಲು ಕರೆಯುವ ಕೆಲಸದ ನಡುವೆ ಬಿಡುವು ಕದಿಯುವವರು ದಿನಕ್ಕೊಂದು ಗಂಟೆಯನ್ನೇ ಹಿಡಿಯಲಿ, ನಿಧಾನವಾಗುತ್ತಿದೆ ಎನಿಸಿದರೂ ಬಿಡದಿರಲಿ.

ಹಾಗೆಯೇ, ಒಂದನ್ನೇ ನೂರು ಸಲ ಮಾಡಿ ಮುಂದಿನದಕ್ಕೆ ಹೋಗುವುದೋ, ಬೆರೆಸಿ ಮಾಡುವುದೋ ಎಂಬ ಪ್ರಶ್ನೆ. ಕಾರ್ನೆಲ್ ಮತ್ತು ಬ್ಯೋರ್ಕ್ ಎಂಬ ಸಂಶೋಧಕರು 2008ರಲ್ಲಿ ಬೇರೆ ಬೇರೆ ಚಿತ್ರಕಾರರ ಶೈಲಿಯನ್ನು ಗುರುತಿಸಲು ಕಲಿಸಿದಾಗ, ಚಿತ್ರಗಳನ್ನು ಬೆರೆಸಿ ನೋಡಿದ ಸಂದರ್ಭದಲ್ಲೇ ಹೆಚ್ಚಿನವರು ಚೆನ್ನಾಗಿ ಕಲಿತರು, ಆದರೆ ಒಬ್ಬ ಚಿತ್ರಕಾರನ ಚಿತ್ರಗಳನ್ನೆಲ್ಲ ನೋಡಿ ಮುಗಿಸಿ ಮುಂದಿನವನಿಗೆ ಹೋದದ್ದೇ ಮೇಲೆಂದು ಹೆಚ್ಚಿನವರು ನಂಬಿದ್ದರು. ಗುರುತಿಸುವ, ಆರಿಸುವ ಕೆಲಸಗಳಿಗೆ ಇದು ನೇರವಾಗಿ ಸಲ್ಲುತ್ತದೆ: ಎಳೆಯ ಗಿಡ, ಮುದಿ ಗಿಡ, ಕಂಬಚಿಗುರು ನುಗ್ಗಿದ ಗಿಡ ಮೂರನ್ನೂ ಒಂದೇ ಬೆಳಗ್ಗೆ ನೋಡಬೇಕು. ಮೊಟ್ಟಮೊದಲ ಎರಡು ಮೂರು ದಿನ ಮಾತ್ರ, ಕೈಗೆ ಉಪಕರಣದ ಹಿಡಿತವೇ ಬಾರದಿರುವಾಗ, ಒಂದೇ ಬಗೆಯದನ್ನು ಮಾಡುವುದರಲ್ಲಿ ತಪ್ಪಿಲ್ಲ.

ಓದಿ ಕಲಿಯುವ ಭಾಗಕ್ಕೆ ಸಂಬಂಧಿಸಿ ಒಂದೇ ಮಾತು. ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗದಲ್ಲಿ ಪಾಠವನ್ನು ಮರಳಿ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದುದು ಶೇ. 42ರಷ್ಟು, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಶೇ. 56ರಷ್ಟು. ಮರುದಿನ ಬೆಳಗ್ಗೆ ಟಿಪ್ಪಣಿ ತೆರೆಯುವ ಮುನ್ನ ಹಿಂದಿನ ದಿನದ್ದನ್ನು ಖಾಲಿ ಹಾಳೆಯ ಮೇಲೆ ಬರೆದು ನೋಡಿ.

ದಾರಿಗಳನ್ನು ಜೋಡಿಸುವುದು

ಬಹಳ ಸಲ ಸರಿಯಾದ ಉತ್ತರ ಎರಡು ದಾರಿಗಳನ್ನು ಒಂದರ ಹಿಂದೊಂದು ಇಡುವುದರಲ್ಲಿದೆ. ಹೊಲಿಗೆಗೆ ಮೊದಲು ಒಂದು ತಿಂಗಳ ತರಬೇತಿ, ಏಕೆಂದರೆ ಅಳತೆ, ಕಾಗದದ ಕತ್ತರಿಕೆ, ಯಂತ್ರದ ಆರೈಕೆ ಇವು ಕ್ರಮವಾಗಿ ಬರಬೇಕು. ನಂತರ ಎರಡು ಮೂರು ತಿಂಗಳು ನುರಿತ ಟೈಲರ್ ಅಂಗಡಿಯಲ್ಲಿ, ಸಂಬಳ ಕಡಿಮೆಯಾದರೂ ಸರಿ, ಏಕೆಂದರೆ ಭುಜ ಇಳಿದ ರವಿಕೆಯನ್ನು ಹಿಡಿದು ಬಂದ ಗಿರಾಕಿ ಕೊಡುವ ಪಾಠ ತರಬೇತಿ ಕೇಂದ್ರದಲ್ಲಿ ಸಿಗುವುದಿಲ್ಲ. ತುಡುವೆ ಜೇನಿಗೆ ಕೃಷಿ ವಿಜ್ಞಾನ ಕೇಂದ್ರದ ಕಿರು ತರಬೇತಿ, ಆಮೇಲೆ ಊರಿನಲ್ಲಿ ಪೆಟ್ಟಿಗೆ ಇಟ್ಟವರ ಜೊತೆ ಒಂದು ಇಡೀ ವರ್ಷ. ಮಳೆಗಾಲದಲ್ಲಿ ಪೆಟ್ಟಿಗೆಯ ಜೇನು ಕುಟುಂಬ ಹೇಗೆ ಸೊರಗುತ್ತದೆ, ಆಗ ಏನು ಉಣಿಸಬೇಕು ಎಂಬುದು ಬೇಸಿಗೆಯ ಶಿಬಿರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಾರು ಓಡಿಸುವುದಕ್ಕೆ ಕಲಿಕಾ ಪರವಾನಗಿ ಪಡೆದು 30 ದಿನವಾದ ಮೇಲಷ್ಟೇ ಪೂರ್ಣ ಪರವಾನಗಿಗೆ ಅರ್ಹತೆ ಬರುತ್ತದೆ. ಆ ದಿನಗಳನ್ನು ಬಯಲಿನಲ್ಲಿ ಸುತ್ತುವುದಕ್ಕಷ್ಟೇ ಬಳಸದೆ, ನಮ್ಮ ಘಟ್ಟದ ತಿರುವಿನಲ್ಲಿ, ಮಂಜಿನಲ್ಲಿ, ಪಕ್ಕದಲ್ಲಿ ಪರವಾನಗಿಯಿರುವ ನುರಿತವರನ್ನು ಕೂರಿಸಿಕೊಂಡು ಬಳಸಬೇಕು.

ಎಲ್ಲಿಗೆ ಸೇರಿದರೂ ಎರಡು ವಾರದ ನಂತರ ಒಮ್ಮೆ ಪರೀಕ್ಷಿಸಿಕೊಳ್ಳಿ. ನಿಮ್ಮ ಇತ್ತೀಚಿನ ಮೂರು ತಪ್ಪುಗಳನ್ನು ಹೇಳಬಲ್ಲಿರಾದರೆ ದಾರಿ ಸರಿಯಿದೆ. ಒಂದೂ ನೆನಪಾಗದಿದ್ದರೆ ನೀವು ತಪ್ಪು ಮಾಡುತ್ತಿಲ್ಲವೆಂದಲ್ಲ, ಯಾರೂ ತೋರಿಸುತ್ತಿಲ್ಲವೆಂದು ಅರ್ಥ. ಆಗ ದಾರಿ ಬದಲಿಸಲು ಕಟ್ಟಿದ ಶುಲ್ಕದ ಮುಖ ನೋಡಬೇಡಿ.

ಈ ಸಲ ನನ್ನ ತಂಗಿಯ ಮಗ ಕಸಿ ಕಲಿಯಲು ಬರುತ್ತಿದ್ದಾನೆ. ದೊಡ್ಡಪ್ಪನಿಗೆ ಈಗ ದಿನವಿಡೀ ತೋಟದಲ್ಲಿ ನಿಲ್ಲಲು ಆಗುವುದಿಲ್ಲ, ಬೆಳಗಿನ ಬಿಸಿಲು ಏರುವವರೆಗೆ ಒಂದು ಸುತ್ತು ಬರುತ್ತಾರೆ, ಅಷ್ಟೇ. ಹಾಗಾಗಿ ಹುಡುಗನಿಗೆ ಕತ್ತರಿಯ ಬದಲು ಕೆಂಪು ದಾರದ ಉಂಡೆ ಕೊಡಲು ನಿಶ್ಚಯಿಸಿದ್ದೇನೆ. ತೆಗೆಯಬೇಕೆನಿಸಿದ ರೆಕ್ಕೆಗೆಲ್ಲ ಅವನು ಹಿಂದಿನ ಸಂಜೆ ದಾರ ಕಟ್ಟಿಡಬೇಕು. ಬೆಳಗ್ಗೆ ದೊಡ್ಡಪ್ಪ ಸುತ್ತು ಬರುವಾಗ ತಪ್ಪಿದ ಕಡೆ ದಾರ ಬಿಚ್ಚಿ, ಬಿಟ್ಟುಹೋದ ಕಡೆ ಕಟ್ಟುತ್ತಾರೆ. ಅವರು ಬಿಚ್ಚಿದ ದಾರ ಎಷ್ಟು ಎಂದು ಅವನು ದಿನವೂ ಎಣಿಸಿ ಬರೆದಿಡಲಿ. ಆ ಸಂಖ್ಯೆ ಒಂದು ಕೈಬೆರಳಿನ ಲೆಕ್ಕಕ್ಕೆ ಇಳಿದ ದಿನ ಕತ್ತರಿ ಕೊಡುತ್ತೇನೆ.